ಗ್ರೀಸ್ ಹಾಕಿದ್ರಾ ಅಣ್ಣ?

ಈ ವಿಷಯ ಬರೆಯಬೇಕೆಂದು ಕೂತು ಇದು ನಾಲ್ಕನೇ ವಾರ. ಮೊದಲ ವಾರ ಇದರ ಬದಲು ಟೊಮೆಟೊ ಬಗ್ಗೆ ಬರೆದು ಕಳಿಸಿದೆ. ಎರಡನೇ ವಾರ ಬಸ್ಸಿನ ಕಿಟಕಿ ಸೀಟಿನ ಬಗ್ಗೆ. ಹೋದ ವಾರ, ನಿಮಗೆ ನೆನಪಿರಬಹುದು, ಮದುವೆ ಊಟದಲ್ಲಿ ಹಪ್ಪಳ ಮೊದಲು ಬಡಿಸಬೇಕೋ ಕೊನೆಗೋ ಅಂತ ಇಡೀ ಅಂಕಣ ತುಂಬಿಸಿದೆ. ಓದಿ ನಕ್ಕೆವು ಅಂತ ಮೂರು ಜನ ಫೋನ್ ಮಾಡಿದರು. ನನಗೆ ನಗು ಬರಲಿಲ್ಲ. ಹಪ್ಪಳದ ಹಿಂದೆ ಬಚ್ಚಿಟ್ಟುಕೊಂಡು ಕೂತಿದ್ದವನು ನಾನೇ ಅಲ್ಲವೇ?

ಇವತ್ತು ಹೇಳಿಬಿಡುತ್ತೇನೆ.

ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಾರೋಹಳ್ಳಿಯ ನನ್ನ ರಿಪೇರಿ ಅಂಗಡಿಗೆ ಒಬ್ಬರು ಬಂದರು. ಐವತ್ತು ದಾಟಿದ ಆಸಾಮಿ, ಬಿಳಿ ಪಂಚೆ, ಕಂಕುಳಲ್ಲಿ ಹಳೇ ಸೀರೆ ಸುತ್ತಿದ ಉದ್ದನೆಯ ಗಂಟು. ಬೆಂಚಿನ ಮೇಲೆ ಅದನ್ನು ಮಲಗಿಸಿ, ಒಂದೊಂದೇ ಸುತ್ತು ಬಿಚ್ಚಿದರು. ಒಳಗಿದ್ದದ್ದು ಹೆಡ್ಜ್ ಟ್ರಿಮ್ಮರಿನ ತಲೆ.

(ನೋಡಿರದವರಿಗೆ ಒಂದು ಮಾತು. ಫ್ಯಾಕ್ಟರಿ ಕಾಂಪೌಂಡು, ಫಾರ್ಮ್ ಹೌಸುಗಳ ಸುತ್ತ ಎರಡಾಳೆತ್ತರ ಗಿಡದ ಬೇಲಿ ಬೆಳೆಸಿರುತ್ತಾರಲ್ಲ, ಅದನ್ನು ನೆಲದ ಮೇಲೆ ನಿಂತೇ ಸಮ ಮಾಡುವ ಮಷೀನು ಅದು. ಉದ್ದದ ಕೋಲು. ಈ ತುದಿಯಲ್ಲಿ ಇಂಜಿನ್ನು. ಆ ತುದಿಯಲ್ಲಿ ಬೇಕಾದ ಕಡೆಗೆ ಬಗ್ಗುವ ತಲೆ. ತಲೆ ಎಂದರೆ ಒಂದರ ಮೇಲೊಂದು ಕೂತ ಎರಡು ಹಲ್ಲಿನ ಬ್ಲೇಡು, ಅವನ್ನು ಆಡಿಸಲು ಅಂಗೈಯಗಲದ ಡಬ್ಬಿಯಲ್ಲಿ ಎರಡು ಗೇರು. ಒಂದು ಬ್ಲೇಡು ಮುಂದಕ್ಕೆ ಹೋದಾಗ ಇನ್ನೊಂದು ಹಿಂದಕ್ಕೆ. ಕೆಡುವುದೆಲ್ಲ ಸಾಮಾನ್ಯವಾಗಿ ಅಲ್ಲೇ.)

"ಮುಚ್ಚಳದ ಒಂದು ಸ್ಕ್ರೂ ಒಳಗೇ ಮುರ್ಕಂಡೈತೆ ಯಜಮಾನ್ರೆ," ಎಂದರು. "ಅದ ತೆಗೆಯಕ್ಕೆ ಡ್ರಿಲ್ಲು ಬೇಕಂತೆ, ನಮ್ಮನೆಯವ್ಳ ತಾವ ಇಲ್ಲ. ಅದೊಂದ ತೆಗೆದುಕೊಡಿ. ಮಿಕ್ಕಿದ್ದು ಏನೂ ಮುಟ್ಟಂಗಿಲ್ಲ ಅಂದವ್ಳೆ."

"ಮುಚ್ಚಳ ತೆಗೀದೆ ಸ್ಕ್ರೂ ತೆಗೆಯಕ್ಕಾಗುತ್ತೇನಪ್ಪ?"

"ಅದ್ನೂ ಹೇಳವ್ಳೆ. ಮುಚ್ಚಳ ತೆಗೀಲಿ, ಆದ್ರೆ ವಾಪಸ್ ಮುಚ್ಚೋ ಮುಂಚೆ ಗ್ರೀಸ್ ಹಾಕೋದ ಮರೀಬೇಡಿ ಅನ್ನು ಅಂದ್ಲು." ಹೇಳಿ ತಾವೇ ಮುಜುಗರಪಟ್ಟು ನಕ್ಕರು. "ತಪ್ಪು ತಿಳ್ಕಬೇಡಿ. ನಿಮ್ಮಂತ ಮೆಕ್ಯಾನಿಕ್ಕಿಗೆ ಗ್ರೀಸ್ ಹಾಕಿ ಅಂತ ಯಾರಾದ್ರೂ ಹೇಳ್ತಾರಾ? ಅವ್ಳ ಬಾಯೇ ಹಂಗೆ."

ನನಗೆ ರೇಗಿತು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಕೈಗೆ ಸ್ಪ್ಯಾನರ್ ತಗೊಂಡವನು ನಾನು. ಈಗ ಕೂದಲೆಲ್ಲ ಬೆಳ್ಳಗಾಗಿದೆ. ನನಗೆ ಗ್ರೀಸಿನ ಪಾಠವೇ?

"ಯಾವೂರು?"

"ಸಾತನೂರ್ ತಾವ."

"ಅಲ್ಲಿಂದ ಇಲ್ಲಿಗಂಟ ಬಂದ್ರಾ? ಕನಕಪುರದಲ್ಲಿ ಅಂಗಡಿ ಇರಲಿಲ್ವಾ?"

"ನಾನೂ ಅದೇ ಅಂದೆ. ಇಲ್ಲ, ಹಾರೋಹಳ್ಳಿಲಿ ಆ ಅಂಗ್ಡಿಗೇ ಹೋಗು, ಅವ್ರಿಗೆ ಈ ತಲೆ ಗೊತ್ತು ಅಂದ್ಲು."

ನನಗೇನೂ ಹೊಳೆಯಲಿಲ್ಲ. ಎಷ್ಟೋ ತಲೆ ನೋಡಿದ್ದೇನೆ. ಫೋನ್ ನಂಬರ್ ಬರೆದುಕೊಂಡು, ಗುರುವಾರ ಬನ್ನಿ ಅಂತ ಕಳಿಸಿದೆ.

ಮಧ್ಯಾಹ್ನ ಅದನ್ನು ಬೆಂಚ್ ವೈಸಿಗೆ ಕಚ್ಚಿಸಿ, ಕನ್ನಡಕ ಒರೆಸಿಕೊಂಡು ನೋಡಿದೆ. ನೋಡುತ್ತಾ ನಿಂತುಬಿಟ್ಟೆ.

ನನ್ನ ಹತ್ತಿರ ಬರುವ ತಲೆಗಳ ಸ್ಥಿತಿ ಹೇಗಿರುತ್ತದೆ ಗೊತ್ತೇ? ಗಿಡದ ಹಾಲು, ಅಂಟು, ಧೂಳು ಮೆತ್ತಿಕೊಂಡು ಬ್ಲೇಡು ಕಪ್ಪಗಿರುತ್ತದೆ. ಕಲ್ಲಿಗೋ ತಂತಿಗೋ ಹೊಡೆದು ಎರಡು ಹಲ್ಲು ಮುಕ್ಕಾಗಿರುತ್ತವೆ. ಸಾಣೆ ಹಿಡಿಯಲು ಹೋಗಿ ಯಾರೋ ಮೇಲೂ ಕೆಳಗೂ ಉಜ್ಜಿರುತ್ತಾರೆ. (ಕೆಳಗಿನ ಚಪ್ಪಟೆ ಮೈಗೆ ಅರ ತಾಗಿಸಲೇಬಾರದು. ತಾಗಿಸಿದರೆ ಎರಡು ಬ್ಲೇಡಿನ ನಡುವೆ ಸಂದು ಬಿದ್ದು, ಕಡ್ಡಿ ಕತ್ತರಿಸುವ ಬದಲು ಅಗಿಯುತ್ತದೆ.)

ಈ ತಲೆ ಹಳೆಯದು. ಅರ ತಿಂದು ತಿಂದು ಹಲ್ಲುಗಳು ಮೊದಲಿನ ಅರ್ಧ ಅಗಲಕ್ಕೆ ಇಳಿದಿದ್ದವು. ಆದರೆ ಒಂದೂ ಮುಕ್ಕಾಗಿರಲಿಲ್ಲ. ಅರ ಹಿಡಿದ ಕೈ ಹತ್ತು ಹಲ್ಲಾಗುವಷ್ಟರಲ್ಲಿ ಸೋಲುತ್ತದೆ, ಇಳಿಜಾರು ಬದಲಾಗುತ್ತದೆ, ನನ್ನದೂ ಹಾಗೇ. ಇಲ್ಲಿ ಮೊದಲ ಹಲ್ಲಿಗೂ ಕೊನೆಯ ಹಲ್ಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಲಿಲ್ಲ. ಕೆಳಗಿನ ಮೈ ಕನ್ನಡಿ. ಅಂಟಿನ ಒಂದು ಚುಕ್ಕೆ ಇಲ್ಲ.

ಆಮೇಲೆ ಕಂಡದ್ದು ನೈಲ್ ಪಾಲಿಷ್.

ಎರಡು ಬ್ಲೇಡನ್ನು ಜೋಡಿಸಿ ಹಿಡಿಯುವ ಬೋಲ್ಟುಗಳಿರುತ್ತವೆ. ಬಹಳ ಬಿಗಿ ಮಾಡಿದರೆ ಬ್ಲೇಡು ಒಂದನ್ನೊಂದು ಕಚ್ಚಿ ಕಾಯುತ್ತದೆ. ಸಡಿಲವಾದರೆ ಕಡ್ಡಿ ನಡುವೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಟ್ಟು, ಅಲ್ಲಿ ನಟ್ಟಿನಿಂದ ಲಾಕ್ ಮಾಡಬೇಕು. ಕೆಲಸ ಮಾಡುತ್ತಾ ಅದು ಜರುಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಈ ತಲೆಯ ಪ್ರತಿಯೊಂದು ನಟ್ಟಿನ ಮೇಲೂ ಒಂದು ಕೆಂಪು ಚುಕ್ಕೆ, ಪಕ್ಕದ ಪಟ್ಟಿಯ ಮೇಲೂ ಒಂದು ಕೆಂಪು ಚುಕ್ಕೆ. ಎರಡೂ ಎದುರುಬದುರು ಇದ್ದರೆ ಸರಿ. ಬೇರೆಯಾದರೆ ಜರುಗಿದೆ ಅಂತ ಅರ್ಥ. ನೋಡಿದರೆ ಸಾಕು, ಸ್ಪ್ಯಾನರ್ ಹಾಕಿ ಪರೀಕ್ಷಿಸುವ ಅಗತ್ಯವೇ ಇಲ್ಲ. ಇಷ್ಟು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ.

ಮುಚ್ಚಳದ ಉಳಿದ ಸ್ಕ್ರೂ ಬಿಚ್ಚಿದೆ. ಕೆಳಗೆ ಗ್ರೀಸು ಸೋರದಂತೆ ಕೂರಿಸುವ ಪ್ಯಾಕಿಂಗ್ ಅಂಗಡಿಯದ್ದಲ್ಲ, ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಕತ್ತರಿಸಿದ್ದು. ಒಂದು ಅಂಚಿನಲ್ಲಿ 'ಚಿ. ಸೌ.' ಅಂತ ಬಂಗಾರದ ಅಕ್ಷರ ಇನ್ನೂ ಇತ್ತು. ಒಳಗೆ ಗ್ರೀಸು ಎಷ್ಟು ಬೇಕೋ ಅಷ್ಟೇ, ಬೆಣ್ಣೆಯಂತೆ. ಗೇರುಗಳು ಕಂಪನಿಯವಲ್ಲ, ಆದರೆ ಹಲ್ಲಿಗೆ ಹಲ್ಲು ಕೂತಿದ್ದವು. ಇದು ಯಾರ ಕೈಕೆಲಸ? ನಮ್ಮ ಜಿಲ್ಲೆಯಲ್ಲಿ ಇಂಥ ಮೆಕ್ಯಾನಿಕ್ ಒಬ್ಬ ಇದ್ದೂ ನನಗೆ ಗೊತ್ತಿಲ್ಲವೇ?

ಮುಚ್ಚಳ ತಿರುಗಿಸಿ ಬಟ್ಟೆಯಿಂದ ಒರೆಸಿದೆ. ಒಳಮೈಯಲ್ಲಿ ಮೊಳೆಯಿಂದ ಗೀಚಿದ ಮೂರು ಅಡ್ಡಗೆರೆ, ನಡುವೆ ಒಂದು ಚುಕ್ಕಿ. ವಿಭೂತಿ, ಕುಂಕುಮ.

ಅದು ನನ್ನ ಗುರುತು. ನಾನು ಬಿಚ್ಚಿದ ಪ್ರತಿ ಗೇರ್ ಡಬ್ಬಿಯ ಮುಚ್ಚಳದೊಳಗೆ ಅದನ್ನು ಗೀಚುವುದು ಮೊದಲಿನಿಂದ ರೂಢಿ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಈ ತಲೆ ನನಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯ ತೋಟದ ಮಷೀನುಗಳ ಸರ್ವೀಸು ನನ್ನ ಪಾಲಿಗಿತ್ತು. ಅದರಲ್ಲಿ ನಾಲ್ಕು ಈ ಉದ್ದ ಕೋಲಿನವು. ಮೂರನ್ನು ಗಂಡಸರು ನಡೆಸುತ್ತಿದ್ದರು. ನಾಲ್ಕನೆಯದನ್ನು ಸಾತನೂರು ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸು. ರೇಷ್ಮೆ ಸಾಕುವ ಮನೆಯವಳು. ಚಿಕ್ಕಂದಿನಿಂದ ಹಿಪ್ಪುನೇರಳೆ ಕಡ್ಡಿ ಕೊಯ್ದ ಕೈ. ಆಕೆ ಕತ್ತರಿಸಿದ ಬೇಲಿಯ ಮೇಲೆ ಲೋಟ ಇಟ್ಟರೆ ನೀರು ಚೆಲ್ಲುವುದಿಲ್ಲ ಅಂತ ಗಾರ್ಡನ್ ಸೂಪರ್‌ವೈಸರ್ ಹೇಳುತ್ತಿದ್ದರು. ಗಂಡಸರಿಗೆ ಅದು ಅಷ್ಟು ರುಚಿಸುತ್ತಿರಲಿಲ್ಲ. ನನಗೂ.

ಆಯುಧಪೂಜೆ ಬಂತು. ಪೂಜೆಗೆ ಮಷೀನು ತೊಳೆಯುವುದು ನಮ್ಮಲ್ಲಿ ಹೇಗೆಂದು ನಿಮಗೇ ಗೊತ್ತು. ನಾಲ್ಕರಲ್ಲಿ ಹೊಸದು ಆಕೆಯದ್ದೇ. ಅದನ್ನು ಇನ್ನೂ ಚೆಂದ ಮಾಡೋಣ ಅಂತ ತಲೆಯನ್ನೂ ಬಿಚ್ಚಿ, ಹಳೇ ಗ್ರೀಸನ್ನೆಲ್ಲ ಡೀಸೆಲಿನಲ್ಲಿ ತೊಳೆದೆ. ಫಳಫಳ ಅನ್ನುತ್ತಿತ್ತು. ಈಗಲೇ ಹೊಸ ಗ್ರೀಸು ತುಂಬಿದರೆ ಕುಂಕುಮ, ಹೂವಿಗೆಲ್ಲ ಮೆತ್ತಿಕೊಳ್ಳುತ್ತದೆ, ಹಬ್ಬ ಮುಗಿಯಲಿ ಅಂದುಕೊಂಡೆ. ಮುಚ್ಚಳದಲ್ಲಿ ಗುರುತು ಗೀಚಿ, ಒಣಡಬ್ಬಿ ಹಾಗೇ ಮುಚ್ಚಿ, ಸೇವಂತಿಗೆ ಹಾರ ಹಾಕಿದೆ. ವಿಜಯದಶಮಿ ಕಳೆದು ಅಂಗಡಿ ತೆಗೆಯುವ ಹೊತ್ತಿಗೆ ಫ್ಯಾಕ್ಟರಿಯಿಂದ ಫೋನು. ಯಾರೋ ದೊಡ್ಡವರು ಬರುತ್ತಾರೆ, ಬೇಲಿ ಕತ್ತರಿಸಬೇಕು, ಮಷೀನು ಈಗಲೇ ಬೇಕು. ಹಾರ ಕಿತ್ತು ಹಾಕಿ, ನಾಲ್ಕನ್ನೂ ಗಾಡಿಗೆ ಏರಿಸಿದೆ.

ಅಷ್ಟೇ. ಮರೆತೆ. ಮರೆವು ಯಾರಿಗಿಲ್ಲ?

ಆದರೆ ಮೂರನೇ ದಿನ ಆಕೆ ಫ್ಯಾಕ್ಟರಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದಳು: "ಅಣ್ಣ, ತಲೆ ಕಾಯ್ತಾ ಐತೆ, ಕೈ ಇಕ್ಕಕ್ಕಾಗಕಿಲ್ಲ. ಕಡ್ಡಿ ಕತ್ತರಿಸ್ತಿಲ್ಲ, ಸಿಗೀತಾ ಐತೆ. ಒಸಿ ಬಿಚ್ಚಿ ನೋಡಿ."

ಜೊತೆಗೆ ನಾಲ್ಕು ಜನ ಗಂಡಸರಿದ್ದರು. ನಾನು ಅವರ ಕಡೆ ನೋಡಿಕೊಂಡು ಹೇಳಿದೆ: "ಸೊಪ್ಪಿನ ಕಡ್ಡಿ ಕೊಯ್ಕೊಂಡಿದ್ದೋಳು ನಂಗೆ ಮಷೀನ್ ಹೇಳಿಕೊಡ್ತಾಳೆ ನೋಡ್ರಪ್ಪ."

"ಸೊಪ್ಪಿನ ಕಡ್ಡಿ ಕೊಯ್ದಿರೋದ್ಕೇ ಹೇಳ್ತಿರೋದು ಅಣ್ಣ," ಎಂದಳು. "ಕಡ್ಡಿ ತುದಿ ನೋಡುದ್ರೆ ಕುಡ್ಲು ಮೊಂಡೋ ಚೂಪೋ ಗೊತ್ತಾಯ್ತದೆ."

ಗಂಡಸರು ನಕ್ಕರು. ನನ್ನ ಮಾತಿಗಲ್ಲ, ಆಕೆಯ ಮಾತಿಗೆ. ನಾನು ತಲೆ ಬಿಚ್ಚಿ ನೋಡದೆ ಹೊರಟುಬಿಟ್ಟೆ. ಮಾರನೇ ದಿನ ಕೆಲಸದ ನಡುವೆ ಅದು ಲಟ್ಟನೆ ಕಚ್ಚಿಕೊಂಡಿತು.

ಅಂಗಡಿಗೆ ತಂದು ಬಿಚ್ಚಿದೆ. ಗೇರಿನ ಹಲ್ಲು ಸವೆದು, ಕಾದು ನೀಲಿಗಟ್ಟಿತ್ತು. ಒಳಗೆ ಗ್ರೀಸಿನ ಹನಿ ಇಲ್ಲ. ಡೀಸೆಲ್ ಡಬ್ಬ, ಸೇವಂತಿಗೆ ಹಾರ, ಎಲ್ಲ ಒಂದೇ ಕ್ಷಣಕ್ಕೆ ಕಣ್ಣೆದುರು ಬಂತು. ಆಗಲಾದರೂ ಹೇಳಬಹುದಿತ್ತಲ್ಲ?

ಹೇಳಲಿಲ್ಲ. ಚೀಟಿ ಬರೆದೆ. 'ಆಪರೇಟರ್ ಅಜಾಗರೂಕತೆ. ತಲೆ ರಿಪೇರಿಗೆ ಬರುವುದಿಲ್ಲ.'

ಎರಡನೇ ವಾಕ್ಯ ಯಾಕೆ ಬರೆದೆ ಗೊತ್ತೇ? ಹೊಸ ಗೇರು ಹಾಕಿದರೆ ಅದು ಖಂಡಿತ ಓಡುತ್ತಿತ್ತು. ಆದರೆ ರಿಪೇರಿಗೆ ಬರುತ್ತದೆ ಎಂದರೆ ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಬಹುದು. ಬಿಚ್ಚಿದರೆ ಒಣಡಬ್ಬಿ ಕಾಣುತ್ತದೆ, ಮುಚ್ಚಳದೊಳಗಿನ ವಿಭೂತಿ ಗೆರೆಯೂ ಕಾಣುತ್ತದೆ. ಹಾಗಾಗಿ ಬದುಕಿದ್ದ ತಲೆಯನ್ನು ಸತ್ತಿದೆ ಅಂತ ಬರೆದೆ.

ಸೂಪರ್‌ವೈಸರ್ ಚೀಟಿಯನ್ನು ಎಲ್ಲರೆದುರು ಓದಿದರು. ಆಕೆ ಜಗಳ ತೆಗೆಯಲಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

"ಗ್ರೀಸ್ ಹಾಕಿದ್ರಾ ಅಣ್ಣ?"

"ಹಾಕ್ದೆ ಇರ್ತೀನಾ?" ಎಂದೆ.

ಇನ್ನು ಮಷೀನು ಮುಟ್ಟಬೇಡ ಅಂತ ಆಕೆಯನ್ನು ಕಳೆ ಕೀಳಲು ಹಾಕಿದರು. ಹದಿನೈದು ದಿನ ಕಿತ್ತಳು. ಆಮೇಲೆ ಕೆಲಸಕ್ಕೆ ಬರಲಿಲ್ಲ. ನಾನು ವಿಚಾರಿಸಲಿಲ್ಲ.

ಸಾರಿಗೆ ಉಪ್ಪು ಜಾಸ್ತಿಯಾದರೆ ಅಡುಗೆಯವಳು, ಬಸ್ಸು ಕೆಟ್ಟರೆ ಡ್ರೈವರು, ಮಗು ಫೇಲಾದರೆ ಮೇಷ್ಟ್ರು. ಕೊನೆಗೆ ಯಾರ ಕೈಯಲ್ಲಿತ್ತೋ ಅವರದೇ ತಪ್ಪು. ಅದಕ್ಕೂ ಮೊದಲು ಯಾರ ಕೈಯಲ್ಲಿತ್ತು ಅಂತ ನಾವು ಎಂದಾದರೂ ಕೇಳಿದ್ದೇವೆಯೇ?

ಮುರಿದ ಸ್ಕ್ರೂ ತೆಗೆದೆ. ಗ್ರೀಸು ಹಾಕಿದೆ. ಹಾಕಿದೆನೋ ಇಲ್ಲವೋ ಅಂತ ಮುಚ್ಚಳ ಮತ್ತೆ ತೆಗೆದು ನೋಡಿದೆ. ಎರಡು ಸಲ. ಗುರುವಾರಕ್ಕೆ ಕಾಯದೆ ಫೋನ್ ಮಾಡಿ, ನಾನೇ ತಂದುಕೊಡುತ್ತೇನೆ ಎಂದೆ. ಅದೇ ಹಳೇ ಸೀರೆಯಲ್ಲಿ ಸುತ್ತಿಕೊಂಡು ಕನಕಪುರದ ಬಸ್ಸು ಹತ್ತಿದೆ. ಕನಕಪುರದಲ್ಲಿ ಇಳಿದು ಸಾತನೂರಿನ ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. 'ತಪ್ಪು ನಂದು ಕಣಮ್ಮ.' ಮೂರೇ ಪದ. ಕಷ್ಟವೇನು?

ಬಸ್ ಸ್ಟಾಪಿಗೆ ಗಂಡ ಬಂದಿದ್ದರು. ಊರಿನ ದಾರಿಯಲ್ಲಿ ನಡೆಯುತ್ತಾ ಹೆಮ್ಮೆಯಿಂದ ಹೇಳಿದರು. "ಈ ತಲೆ ಗುಜರಿಗೆ ಬಿದ್ದಿತ್ತು ಯಜಮಾನ್ರೆ. ಯಾವನೋ ಮೆಕ್ಯಾನಿಕ್ಕು ಸತ್ತೋಗೈತೆ ಅಂತ ಬರ್ಕೊಟ್ಬುಟ್ಟಿದ್ನಂತೆ. ಇವ್ಳು ಹುಡುಕ್ಕಂಡು ಹೋಗಿ ತಂದ್ಲು. ಬಿಚ್ಚಾಕಂಡು ದಿನಗಟ್ಲೆ ಕುಂತಿದ್ಲು. ನಂಗೆ ಹುಚ್ಚೇ ಹಿಡೀತೇನೋ ಅನ್ನಿಸ್ಬುಡ್ತು. ಸವೆದ ಗೇರ್ನ ಟಿಫನ್ ಡಬ್ಬೀಲಿ ಇಕ್ಕಂಡು ಬೆಂಗ್ಳೂರೆಲ್ಲ ಸುತ್ತಿ ಅಂತದ್ದೇ ತಂದ್ಲು. ಈಗ ಮೂರು ಮಿಷನ್ನವೆ, ಜತೇಲಿ ಇಬ್ರು ಹೆಂಗುಸ್ರು. ಕನಕಪುರ ರೋಡಿನ ತೋಟದ ಮನೆಗಳೆಲ್ಲ ಇವ್ಳನ್ನೇ ಕರೀತಾರೆ."

"ಆ ಮೆಕ್ಯಾನಿಕ್ ಯಾರಂತೆ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಎಷ್ಟು ಸಲ ಕೇಳಿದ್ರೂ ಹೆಸ್ರು ಹೇಳಕಿಲ್ಲ ಅವ್ಳು."

ಅಂದರೆ ಆಕೆ ಡಬ್ಬಿ ಬಿಚ್ಚಿದ ದಿನವೇ ಎಲ್ಲ ನೋಡಿದ್ದಾಳೆ. ಒಣಡಬ್ಬಿ. ನನ್ನ ಗುರುತು. ಹನ್ನೊಂದು ವರ್ಷ.

ಆಕೆ ಜಗಲಿಯ ಮೇಲೆ ಕೂತಿದ್ದಳು. ಮುಂದೆ ಒಂದು ಹಳೇ ಚಂದ್ರಿಕೆ. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ ಅದು, ಮೇಲೆ ಬಿದಿರಿನ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡು ಹೋಗಿ ನಡುಮಧ್ಯಕ್ಕೆ ಮುಟ್ಟಿರುತ್ತದೆ. ಆ ಸುರುಳಿಯ ಓಣಿಯಲ್ಲಿ ಹುಳದ ಬದಲು ಇನ್ನೊಂದು ತಲೆಯ ಬಿಡಿಭಾಗಗಳು ಸಾಲಾಗಿ ಕೂತಿದ್ದವು.

"ಬನ್ನಿ ಅಣ್ಣ. ಬಸ್ಸು ಸಿಕ್ತಾ? ಕಾಲು ಮಡಚ್ಕಂಡು ಕುಂತ್ಕಳಿ, ಸಾಮಾನು ಒದ್ದೀರ."

ಕೂದಲು ನರೆತಿದೆ. ದನಿ ಅದೇ. ನಾನು ಆ ಮೂರು ಪದ ಹುಡುಕುವ ಬದಲು ಚಂದ್ರಿಕೆ ನೋಡಿದೆ. ಇದ್ಯಾಕಮ್ಮ ಹೀಗೆ ಎಂದೆ.

"ನಂಗೇನ್ ಬುಕ್ಕು ಓದಕ್ ಬಂದದಾ ಅಣ್ಣ? ಮೊದ್ಲು ಬಿಚ್ಚಿದ್ದ ಹೊರಗಡೆ ಬಾಯಲ್ಲಿ ಇಕ್ತೀನಿ. ಆಮೇಲಿಂದ ಅದ್ರ ಹಿಂದೆ. ಕೊನೇದು ನಡುಮಧ್ಯಕ್ಕೆ ಬತ್ತದೆ. ಸೇರ್ಸೋವಾಗ ನಡುವಿಂದ ಹೊರಕ್ಕೆ ಬಂದ್ರಾಯ್ತು. ಹುಳಕ್ಕೇ ದಾರಿ ತಪ್ಪಕಿಲ್ಲ, ನಂಗ್ ತಪ್ತದಾ?"

ನಾನು ಬಿಡಿಭಾಗಗಳನ್ನು ಹಳೇ ತಟ್ಟೆಗೆ ಸುರಿದು, ಒಂದು ವಾಷರ್ ಉಳಿದರೆ ಇದೆಲ್ಲಿಯದು ಅಂತ ತಲೆ ಕೆರೆದುಕೊಳ್ಳುವವನು. ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಮುಚ್ಚಳ, ಸ್ಕ್ರೂಗಳಿಗೆ ಸ್ವಲ್ಪ ಹಿಂದೆ ಒಂದು ಹಿಪ್ಪುನೇರಳೆ ಎಲೆ. ಎಲೆಯ ಮೇಲೆ ಅಡಿಕೆ ಗಾತ್ರದ ಗ್ರೀಸಿನ ಉಂಡೆ.

"ಇದು?"

"ಗ್ರೀಸು. ಅದೂ ಒಂದು ಸಾಮಾನೇ ಕಣಣ್ಣ. ಅದ್ರ ಜಾಗದಲ್ಲಿ ಇಕ್ಬುಟ್ರೆ ಮರಿಯಕ್ಕಾಗಕಿಲ್ಲ. ಬರೋ ದಾರೀಲಿ ಕೈಗೆ ಸಿಕ್ಕೇ ಸಿಕ್ತದೆ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ನನ್ನ ತಪ್ಪನ್ನು ನಾನು ಬಚ್ಚಿಟ್ಟೆ. ಆಕೆ ಅದನ್ನು ಬಿಚ್ಚಿ, ತಿರುಗಿಸಿ ನೋಡಿ, ಇನ್ನೊಬ್ಬರ ಕೈಯಲ್ಲಿ ಮತ್ತೆ ಆಗದಂತೆ ಒಂದು ಪದ್ಧತಿ ಕಟ್ಟಿದ್ದಾಳೆ. ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ. ಆ ಎಲೆಯ ಮುಂದೆ ಕೈ ಮುಗಿಯಬೇಕು ಅನ್ನಿಸಿತು. ಕೈ ತೊಡೆಯ ಮೇಲೇ ಇತ್ತು.

ಆಕೆ ಸೀರೆ ಬಿಚ್ಚಿ ತಲೆಯನ್ನು ಎತ್ತಿಕೊಂಡಳು. ಗೇರಿನ ಬಾಯಿಗೆ ಬೆರಳು ಹಾಕಿ ನಿಧಾನ ತಿರುಗಿಸಿದಳು. ಡಬ್ಬಿಗೆ ಕಿವಿ ಕೊಟ್ಟಳು. ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು.

"ಗ್ರೀಸ್ ಹಾಕಿದ್ರಾ ಅಣ್ಣ?"

ಅದೇ ಮಾತು. ಅದೇ ದನಿ.

"ಈ ಸಲ ಹಾಕಿದೀನಿ ಕಣವ್ವ," ಎಂದೆ.

"ಈ ಸಲ ಅಂದ್ರೆ?" ಪಕ್ಕದಲ್ಲಿದ್ದ ಗಂಡ ಕೇಳಿದರು. "ಇದ್ಕ್ ಮುಂಚೆ ಯಾವಾಗ ಕೊಟ್ಟಿದ್ವಿ?"

ನಾನು ಬಾಯಿ ತೆರೆದೆ. ಆಕೆ ಗಂಡನ ಕಡೆ ತಿರುಗಿ, "ಕಾಫಿಗೆ ನೀರಿಕ್ಕೋಗಿ," ಎಂದಳು. ಅವರು ಒಳಗೆ ಹೋದರು. ನಮ್ಮಿಬ್ಬರನ್ನೇ ಬಿಟ್ಟು. ಅಷ್ಟು ಅವಕಾಶ ಕೊಟ್ಟಳು. ನಾನು ಚಂದ್ರಿಕೆಯ ಸುರುಳಿಯನ್ನು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ನೋಡುತ್ತಾ ಕೂತೆ.

ಕೊನೆಗೆ ಆಕೆಯೇ ಎದ್ದು, ತಲೆಯನ್ನು ಕೋಲಿಗೆ ಸೇರಿಸಿ, ಮನೆ ಮುಂದಿನ ದಾಸವಾಳದ ಬೇಲಿಯ ಮೇಲೆ ಒಂದು ಸಲ ಆಡಿಸಿದಳು. ಸದ್ದು ಎಷ್ಟು ನಯವಾಗಿತ್ತೆಂದರೆ ಕೊಂಬೆ ಬಿದ್ದ ಮೇಲೇ ಕತ್ತರಿಸಿದ್ದು ಗೊತ್ತಾದದ್ದು. ಇಂಜಿನ್ ನಿಲ್ಲಿಸಿ, ಬಿದ್ದ ಒಂದು ಕಡ್ಡಿ ಎತ್ತಿ ನನ್ನ ಕೈಗೆ ಕೊಟ್ಟಳು.

"ತುದಿ ನೋಡಿ."

ಬ್ಲೇಡಿನಿಂದ ಸೀಸದಕಡ್ಡಿ ಕತ್ತರಿಸಿದಂತಿತ್ತು. ಒಂದು ನಾರೂ ಎದ್ದಿರಲಿಲ್ಲ.

ಕಾಫಿ ಕುಡಿದೆ. ಬಸ್ಸು ಹತ್ತಿದೆ. ಕನಕಪುರದಲ್ಲಿ ಇಳಿಯುವಾಗ ಯಾರೋ ಹುಡುಗನ ಕಾಲು ತುಳಿದೆ. "ಸಾರಿ ಕಣಪ್ಪ," ಅಂತ ಬಾಯಿಂದ ತಾನಾಗಿ ಬಂತು. ಹಾರೋಹಳ್ಳಿಯಿಂದ ಹೊತ್ತುಕೊಂಡು ಹೋದ ಮಾತು, ಗುರುತೇ ಇಲ್ಲದವನ ಚಪ್ಪಲಿಗೆ ಸಂದಾಯವಾಯಿತು.

ಆ ದಾಸವಾಳದ ಕಡ್ಡಿ ಒಣಗಿದೆ. ಬೆಂಚಿನ ಮೇಲೆ ಎದುರಿಗೇ ಇಟ್ಟಿದ್ದೇನೆ. ಅದರ ಪಕ್ಕದಲ್ಲಿ ಕೂತು ಟೊಮೆಟೊ, ಕಿಟಕಿ ಸೀಟು, ಹಪ್ಪಳ ಎಲ್ಲ ಬರೆದಾಯಿತು.

'ಈ ಸಲ' ಅಂದದ್ದು ಕ್ಷಮೆ ಕೇಳಿದಂತಾಯಿತೇ? ಇಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಪತ್ರಿಕೆಯಲ್ಲಿ ಬರೆಯುವುದೂ ಕ್ಷಮೆಯಲ್ಲ. ಮತ್ತೆ ಸಾತನೂರಿನ ಬಸ್ಸು ಹತ್ತಲೇಬೇಕು. ಆದರೆ ಅವತ್ತಿನ ಚೀಟಿಯನ್ನು ಎಲ್ಲರೆದುರು ಓದಿದ್ದರಲ್ಲ, ತಿದ್ದುಪಡಿಯನ್ನೂ ಎಲ್ಲರೆದುರೇ ಓದಬೇಕು. ಗಂಡ ಆಕೆಯ ಹೆಸರು ಹೇಳದೆ ನಮ್ಮನೆಯವಳು ಅನ್ನುತ್ತಾರೆ, ಅದು ನಮ್ಮ ಕಡೆಯ ಮರ್ಯಾದೆ. ಆಕೆ ನನ್ನ ಹೆಸರು ಹೇಳದೆ ಹನ್ನೊಂದು ವರ್ಷ ಇದ್ದಳು, ಅದು ಆಕೆಯ ದೊಡ್ಡತನ. ನಾನು ಚೀಟಿಯಲ್ಲಿ ಹೆಸರು ಬರೆಯದೆ 'ಆಪರೇಟರ್' ಅಂದೆನಲ್ಲ, ಅದಕ್ಕೆ ಏನನ್ನುತ್ತಾರೆ?

ಹೊಸ ಚೀಟಿ ಇದು. ತಲೆ ಚೆನ್ನಾಗಿ ಓಡುತ್ತಿದೆ. ಅಜಾಗರೂಕತೆ ಮೆಕ್ಯಾನಿಕ್‌ನದು. ಆಪರೇಟರ್ ಹೆಸರು ಹೊಂಬಾಳಮ್ಮ.